ಮಬ್ಬು ಗಾಜಿನ ಯಾವ ಬದಿಯಲ್ಲಿತ್ತು?

ಸಾಹಿತ್ಯದಲ್ಲಿ ಗಾಜು ಎಂದು ಯಾರಾದರೂ ಮಾತು ಶುರು ಮಾಡಿದರೆ ನನಗೆ ಮೊದಲು ಬರುವುದು ಸಿಟ್ಟು. ಭಾಷೆ ತಿಳಿಯಾದ ಗಾಜಿನಂತಿರಬೇಕು, ಓದುವವರಿಗೆ ಗಾಜು ಇದೆಯೆಂದೇ ಗೊತ್ತಾಗಬಾರದು, ಅದರಾಚೆಗಿನದು ಮಾತ್ರ ಕಾಣಬೇಕು ಎಂದು ಕುಂದಾಪುರದ ಕಾಲೇಜಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರು. ಹೇಳುವಾಗ ಕಿಟಕಿಯತ್ತ ಕೈ ತೋರಿಸುತ್ತಿದ್ದರು. ಆ ಕಿಟಕಿಯ ಗಾಜಿಗೆ ಕಾಗೆ ಗಲೀಜು ಮಾಡಿತ್ತು, ಅದನ್ನು ನಾನು ಎದ್ದು ನಿಂತು ಹೇಳಿದೆ. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರು ನಗಲಿಲ್ಲ. ಸಂಜೆ ಕರೆದು ಚರ್ಚಾಸ್ಪರ್ಧೆಗೆ ನನ್ನ ಹೆಸರು ಬರೆದುಕೊಂಡರು.

ಆಮೇಲೆ ನಾನು ಗಾಜಿನ ಬಗ್ಗೆ ಬೇಕಾದಷ್ಟು ಮಾತಾಡಿದ್ದೇನೆ. ಸಾಹಿತ್ಯ ಕಿಟಕಿಯೋ ಕನ್ನಡಿಯೋ ಎಂಬ ಹಳಸಲು ವಿಷಯ ಒಂದು ವರ್ಷ ಬ್ರಹ್ಮಾವರದಲ್ಲಿ ಸಿಕ್ಕಿತು. ಚೀಟಿ ಎತ್ತಿದಾಗ ಕಿಟಕಿಯ ಪರ ಬಂತು, ಗೆದ್ದೆ. ಮರುವರ್ಷ ಬೇರೆ ಕಡೆ ಅದೇ ವಿಷಯ, ಕನ್ನಡಿಯ ಪರ ಬಂತು, ಆಗಲೂ ಗೆದ್ದೆ. ಬಹುಮಾನವಾಗಿ ಬಂದ ಆ ಎರಡು ಕಪ್ಪುಗಳಲ್ಲಿ ಒಂದರಲ್ಲಿ ಅಮ್ಮ ಬಾಚಣಿಗೆ ಇಡುತ್ತಾರೆ. ಎರಡೂ ಕಡೆ ನಿಂತು ವಾದಿಸಿದ ನನಗೆ ಒಂದು ಪ್ರಶ್ನೆ ಮಾತ್ರ ಹೊಳೆದಿರಲಿಲ್ಲ. ಗಾಜಿಗೆ ಎರಡು ಬದಿ ಇರುತ್ತದಲ್ಲ, ಮಬ್ಬು ಕವಿದರೆ ಅದು ಯಾವ ಬದಿಯದ್ದು? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ನನ್ನ ಅಮ್ಮಮ್ಮ. ಅವರಿಗೆ ಸಾಹಿತ್ಯ ಬೇಕಾಗಿರಲಿಲ್ಲ. ತನ್ನ ತಂಗಿಯನ್ನು ನಾವೆಲ್ಲ ಸೇರಿ ಜೀವ ಇರುವಾಗಲೇ ಸುಟ್ಟೆವೋ ಎಂದು ಅವರಿಗೆ ತಿಳಿಯಬೇಕಿತ್ತು.

ಅಮ್ಮಮ್ಮ ಎಂದರೆ ನನ್ನ ತಾಯಿಯ ತಾಯಿ. ಬಿಜೂರಿನಲ್ಲಿ ನನ್ನ ಸೋದರಮಾವನ ಮನೆಯಲ್ಲಿದ್ದಾರೆ. ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಅವರ ಲೋಕ ಒಂದು ಮಂಚದಷ್ಟಾಗಿದೆ. ಮಂಚದ ಮೇಲೆ ಮಾಡಿನಲ್ಲಿ, ಮಣ್ಣಿನ ಹಂಚುಗಳ ನಡುವೆ ಒಂದು ಗಾಜಿನ ಹಂಚು ಇದೆ. ಹಾವಸೆ ಕಟ್ಟಿ ಹಸಿರಾಗಿದೆ. ಅದರಿಂದ ಬೆಳಕು ಬರುತ್ತದೆ, ಆದರೆ ಆಕಾಶ ಕಾಣುವುದಿಲ್ಲ. ಮುಖ ನೋಡಿಕೊಳ್ಳಲಿಕ್ಕಂತೂ ಆಗುವುದಿಲ್ಲ. ಕಿಟಕಿ, ಕನ್ನಡಿ ಎಂದು ಎರಡೇ ಗುಂಪು ಮಾಡಿಕೊಂಡು ಜಗಳವಾಡುವ ವಿಮರ್ಶಕರಿಗೆ ಈ ಹಂಚನ್ನು ತೋರಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಮ್ಮಮ್ಮನಿಗೆ ಅದು ಗಡಿಯಾರ. ಹಂಚಿನಿಂದ ಬಿದ್ದ ಬಿಸಿಲಿನ ತುಂಡು ಗೋಡೆ ಇಳಿದು, ನೆಲ ದಾಟಿ, ಮಂಚದ ಕಾಲನ್ನು ಮುಟ್ಟಿದ ಕೂಡಲೇ ಅವರು ಸೊಸೆಯನ್ನು, ಅಂದರೆ ನನ್ನ ಅತ್ತೆಯನ್ನು, ಕೂಗುತ್ತಿದ್ದರು. ತಂಗಿಗೆ ಫೋನು ಮಾಡುವ ಹೊತ್ತು ಅದು.

ತಂಗಿ, ನಮಗೆಲ್ಲ ಸಣ್ಣಜ್ಜಿ, ಬ್ರಹ್ಮಾವರದ ಹತ್ತಿರ ಹಿರಿಮಗನ ಮನೆಯಲ್ಲಿದ್ದರು. ಇಬ್ಬರಿಗೂ ಕಿವಿ ಮಂದ. ಸ್ಪೀಕರ್ ಹಾಕಿ ಮಾತಾಡಿದರೆ ದಾರಿಯಲ್ಲಿ ಹೋಗುವವರೂ ನಿಂತು ಕೇಳಬಹುದಿತ್ತು.

“ಹ್ವಾಯ್, ಇದ್ಯಾ, ಹೋದ್ಯಾ?” ಎಂದು ಅಮ್ಮಮ್ಮ ಶುರು ಮಾಡುವುದು.

“ಹೋದ್ರೆ ಫೋನ್ ಎತ್ತುದ್ ಯಾರೇ, ನಿನ್ನ ಗಂಡನಾ?”

“ಅವ್ರ್ ಇದ್ದಾಗ್ಳೇ ಎತ್ತುದಿಲ್ಲ ಇದ್ದಿತ್. ಕಾಣ್, ನಾ ದೊಡ್ಡವ್ಳ್. ಹೋಪುದಾರೆ ನಾನೇ ಮೊದ್ಲ್ ಹೋಪುದ್.”

“ದೊಡ್ಡವ್ರ್ ಮೊದ್ಲ್, ಸಣ್ಣವ್ರ್ ಹಿಂದೆ, ಲೈನಂಗೆ ನಿಲ್ಲುಕೆ ಇದೆಂತ ರೇಷನ್ ಅಂಗ್ಡಿಯಾ? ಇವತ್ತ್ ಎಂತ ಪದಾರ್ಥ ಹೇಳ್.”

ಬಂಗಡೆ ಸಾರೋ ಹರಿವೆ ಸೊಪ್ಪೋ ಎಂಬಲ್ಲಿಗೆ ಮಾತು ಬಂದರೆ ಸಾವು ಬದಿಗೆ ಸರಿಯುತ್ತಿತ್ತು. ಮರುದಿನ ಬಿಸಿಲು ಮಂಚದ ಕಾಲಿಗೆ ಬಂದಾಗ ಮತ್ತೆ ಅದೇ, ಇದ್ಯಾ, ಹೋದ್ಯಾ.

ಸಣ್ಣಜ್ಜಿ ಒಂದು ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಚಾವಡಿಯಲ್ಲಿ ಕೂತಲ್ಲೇ ಹೋದರು. ಡಾಕ್ಟರು ಬಂದು ನೋಡಿ ಹೇಳಿ ಹೋದರು. ಕಿರಿಮಗ ಮುಂಬೈಯಿಂದ ಬರುವುದು ಮರುದಿನ ಬೆಳಿಗ್ಗೆ. ಹಾಗಾಗಿ ಅಲ್ಲಿಯವರೆಗೆ ದೇಹ ಇಡಲು ತಂಪು ಪೆಟ್ಟಿಗೆ ತರಿಸಿದರು. ಈಗ ನಮ್ಮ ಕಡೆ ಮುಂಬೈಯವರು ಇಲ್ಲದ ಮನೆ ಇಲ್ಲ, ಆದ್ದರಿಂದ ಪೆಟ್ಟಿಗೆ ಬಾರದ ಸಾವೂ ಕಡಿಮೆ. ಫ್ರಿಜ್ಜಿನ ಹಾಗೆ ಗುಂಯ್ ಎನ್ನುತ್ತದೆ, ಮೇಲೆ ಗಾಜಿನ ಮುಚ್ಚಳ. ಗಾಜಿನ ಮೇಲೆ, ಸರಿಯಾಗಿ ಗಲ್ಲದ ಹತ್ತಿರ, ಪೆಟ್ಟಿಗೆ ಬಾಡಿಗೆಗೆ ಕೊಡುವವರ ಫೋನ್ ನಂಬರಿನ ಕೆಂಪು ಸ್ಟಿಕ್ಕರು. ಬಂದವರೆಲ್ಲ ಮೊಬೈಲಿನಲ್ಲಿ ತೆಗೆದುಕೊಂಡ ಫೋಟೋಗಳಲ್ಲಿ ಸಣ್ಣಜ್ಜಿಯ ಮುಖದ ಜೊತೆ ಆ ನಂಬರೂ ಇದೆ.

ಬಂದವರು ಬಗ್ಗಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಒಂದೇ ಮಾತು ಹೇಳಿ ಹೋಗುತ್ತಿದ್ದರು: “ಮನಿಕಂಡಂಗೇ ಇದ್ರ್.” ಮಲಗಿದ ಹಾಗೇ ಇದ್ದಾರೆ. ನಾನೀಗ ಕೋಟೇಶ್ವರದಲ್ಲಿ ಹೈಸ್ಕೂಲು ಮಕ್ಕಳಿಗೆ ಭಾಷಣ, ಚರ್ಚೆ ಕಲಿಸುತ್ತೇನೆ. ಸವೆದ ಹೋಲಿಕೆ ಕಂಡರೆ ಕೆಂಪು ಪೆನ್ನು ತಾನಾಗಿ ಏಳುತ್ತದೆ. ಸಣ್ಣಜ್ಜಿ ಮಲಗುವಾಗ ಬಾಯಿ ತೆರೆದು, ಒಂದು ಕೈ ತಲೆಯಡಿಗೆ ಕೊಟ್ಟು, ಗೊರಕೆ ಹೊಡೆಯುತ್ತಿದ್ದರು. ಇಲ್ಲಿ ಬಾಯಿ ಮುಚ್ಚಿತ್ತು, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿದ್ದರು. ಇದು ಅವರು ಮಲಗಿದ ಹಾಗಲ್ಲ ಎಂದು ಯಾರಿಗೂ ಹೇಳಲಿಲ್ಲ. ಸತ್ತ ಮನೆಯಲ್ಲಿ ತಿದ್ದಲು ಕೂತರೆ ಜನ ಮುಗಿಸುವುದು ನನ್ನನ್ನು.

ಅಮ್ಮಮ್ಮ ತನ್ನನ್ನು ಕರೆದುಕೊಂಡು ಹೋಗಿ ಎಂದು ಹಿಂದಿನ ದಿನದಿಂದಲೇ ಹಟ ಹಿಡಿದಿದ್ದರು. ಸೋದರಮಾವ ಒಪ್ಪಲಿಲ್ಲ. ಆ ಸೊಂಟದಲ್ಲಿ, ಹೈವೇಯ ಆ ಹೊಂಡಗಳಲ್ಲಿ, ಬೈಂದೂರು ತಾಲೂಕಿನ ಬಿಜೂರಿನಿಂದ ಬ್ರಹ್ಮಾವರದವರೆಗೆ ಆಂಬುಲೆನ್ಸಿನಲ್ಲಿ ತಂದರೆ ಇನ್ನೊಂದು ಪೆಟ್ಟಿಗೆಗೆ ಹೇಳಬೇಕಾದೀತು ಎಂದರು. ಆ ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ. ವಿಡಿಯೋ ಕಾಲ್ ಮಾಡಿ ಮುಖ ತೋರಿಸುವುದೆಂದಾಯಿತು. ಮಾವ ಬ್ರಹ್ಮಾವರಕ್ಕೆ ಬಂದಿದ್ದರಿಂದ ಬಿಜೂರಿನಲ್ಲಿ ಫೋನು ಹಿಡಿಯಲು ಅತ್ತೆ, ಇಲ್ಲಿ ಪೆಟ್ಟಿಗೆಯ ಹತ್ತಿರ ಹಿಡಿಯಲು ನಾನು.

“ಅತ್ತೆ, ಅಮ್ಮಮ್ಮನ ಎದ್ರಿಗೇ ಹಿಡೀರಿ.”

“ಹಿಡ್ದಿದೆ ಮಗಾ. ಅತ್ತೇ, ಕಾಣಿ, ಕಾಂತಾ?” ಕಾಣುತ್ತದಾ ಎಂದು ಅತ್ತೆ ತಮ್ಮ ಅತ್ತೆಯಾದ ಅಮ್ಮಮ್ಮನನ್ನು ಕೇಳಿದರು.

“ಕಾಂತ್,” ಎಂದರು ಅಮ್ಮಮ್ಮ. “ನಮ್ಮ್ ಹೆಣ್ಣ್ ಕಾಂತ್. ತಲಿ ಬಾಚ್ಕಂಬುಕೂ ಆಯ್ಲಿಲ್ಯಾ ನಿಂಗೆ?”

ಫೋನಿನ ಕ್ಯಾಮೆರಾ ಸಣ್ಣಜ್ಜಿಯ ಕಡೆಗೇ ಇತ್ತು. ಆದರೆ ಗಾಜಿನಲ್ಲಿ ಬಿದ್ದ ನನ್ನ ಪ್ರತಿಬಿಂಬವೇ ಮುಂದೆ ಬಂದು ನಿಂತಿತ್ತು.

“ಅದ್ ಗಾಜಂಗೆ ಬಿದ್ದ ನನ್ ನೆರಳ್ ಅಮ್ಮಮ್ಮ. ಅದ್ರ ಕೆಳಗೆ ಕಾಣಿ.”

“ಕೆಳಗೆ ಟ್ಯೂಬ್‌ಲೈಟ್ ಕಾಂತ್.”

ಯಾರೋ ಟ್ಯೂಬ್‌ಲೈಟು ಆರಿಸಿದರು. ನಾನು ಚೂಡಿದಾರದ ವೇಲನ್ನು ಕೊಡೆಯ ಹಾಗೆ ಎತ್ತಿ ಹಿಡಿದು ಬಗ್ಗಿದೆ. ಆಗ ಸಣ್ಣಜ್ಜಿಯ ಮುಖ ಫೋನಿನೊಳಗೆ ಬಂತು. ಅಷ್ಟರಲ್ಲಿ ಗಾಜಿಗೆ ಮಬ್ಬು ಕವಿಯಿತು. ಮಳೆ ನಿಂತ ಬೆಳಗು, ಚಾವಡಿಯ ತುಂಬ ಒದ್ದೆ ಬಟ್ಟೆಯ ಜನ, ಮಂಜುಗಡ್ಡೆಯಷ್ಟು ತಣ್ಣಗಿನ ಗಾಜು. ಮಬ್ಬು ಕವಿಯದೆ ಇನ್ನೇನು? ವೇಲಿನ ತುದಿಯಿಂದ ಮುಖದ ಮೇಲಿನ ಗಾಜನ್ನಷ್ಟೇ ಒರೆಸಿದೆ. ಮತ್ತೆ ಕವಿಯಿತು. ಮತ್ತೆ ಒರೆಸಿದೆ. ತಿಳಿಯಾಗಿ ಕಾಣಬೇಕಲ್ಲ! ಇಡೀ ಗಾಜು ಬೆಳ್ಳಗಾಗಿತ್ತು, ನಾನು ಒರೆಸುತ್ತಿದ್ದ ಬಾಯಿ ಮೂಗಿನ ಹತ್ತಿರ ಮಾತ್ರ ಮಬ್ಬು ಹೋಗುತ್ತ ಬರುತ್ತ ಇತ್ತು.

“ಒರ್ಸ್‌ಬ್ಯಾಡ, ನಿಲ್ಲ್,” ಎಂದರು ಅಮ್ಮಮ್ಮ. ದನಿ ಬೇರೆಯಾಗಿತ್ತು. “ಬಾಯಿ ಹತ್ರ ಕಾಣ್. ಮಬ್ಬ್ ಬತ್ತಾ ಇತ್ತ್. ಉಸ್ರ್ ಬಿಡ್ತಿದ್ಲ್ ಅವ್ಳ್!”

ಸ್ಪೀಕರ್ ಹಾಕಿತ್ತು. ಚಾವಡಿಯಲ್ಲಿ ಇದ್ದವರೆಲ್ಲ ಕೇಳಿಸಿಕೊಂಡರು. ಅಳುತ್ತಿದ್ದವರು ಅಳು ನಿಲ್ಲಿಸಿದರು. ನೆರೆಮನೆಯ ಹಿರಿಯರೊಬ್ಬರು ಸದ್ದಿಲ್ಲದೆ ಬಗ್ಗಿ ಗಾಜಿಗೆ ಕಿವಿ ಇಟ್ಟರು. ಅವರಿಗೆ ಕೇಳಿಸಿದ್ದು ಪೆಟ್ಟಿಗೆಯ ಗುಂಯ್ ಮಾತ್ರ ಇರಬೇಕು. ನಾನು, ಪುರಾವೆ ಇಲ್ಲದೆ ದೇವರನ್ನೂ ಒಪ್ಪದವಳು, ಗಾಜನ್ನು ಇನ್ನಷ್ಟು ಕೆಳಗೆ ಒರೆಸಿ ಸಣ್ಣಜ್ಜಿಯ ಎದೆಯ ಮೇಲಿನ ಸೀರೆಯ ನಿರಿಗೆಯನ್ನು ನೋಡಿದೆ, ಏಳುತ್ತದೋ ಎಂದು. ಅದು ಏಳಲಿಲ್ಲ.

ಮಾವ ನನ್ನ ಕೈಯಿಂದ ಫೋನು ತೆಗೆದುಕೊಂಡರು. “ಎಂತ ಮಾತಾಡ್ತೆ ಅಬ್ಬಿ? ಡಾಕ್ಟ್ರ್ ಕಂಡ್ ಹೇಳಿದ್ರಲ್ದಾ?” ಎಂದು ತಾಯಿಯನ್ನು ಗದರಿದರು.

“ಡಾಕ್ಟ್ರಿಗೆ ಎಂತ ಗೊತ್ತಿತ್ತ್? ನಮ್ಮ್ ಅಪ್ಪಯ್ಯ ಹೋದಾಗ ಮೂಗಿನ್ ಹತ್ರ ಕನ್ನಡಿ ಹಿಡ್ದ್ ಕಂಡಿರ್. ಮಬ್ಬ್ ಬರ್ಲಿಲ್ಲ. ಆಮೇಲಷ್ಟೇ ಎತ್ತಿದ್ದ್. ಇಲ್ ಬತ್ತಾ ಇತ್ತಲ್ಲನಾ! ಅವ್ಳನ್ನ ಎತ್‌ಬ್ಯಾಡಿ, ನಿಮ್ಮ್ ದಮ್ಮಯ್ಯ.”

ಮುಚ್ಚಳ ತೆಗೆಯಿರಿ ಎಂದೆ. ಒಂದು ಕನ್ನಡಿ ತಂದು ಮೂಗಿಗೆ ಹಿಡಿಯುವ, ಫೋನಿನಲ್ಲಿ ತೋರಿಸುವ, ಅವರ ಪರೀಕ್ಷೆಯಿಂದಲೇ ಅವರಿಗೆ ಉತ್ತರ ಸಿಗುತ್ತದೆ ಎಂದೆ. ನ್ಯಾಯವಾದ ಮಾತು ಎಂದು ನನಗೆ ಈಗಲೂ ಅನ್ನಿಸುತ್ತದೆ.

“ನಿನ್ ಡಿಬೇಟ್ ಇಲ್ ಬ್ಯಾಡ,” ಎಂದರು ಮಾವ. “ಸತ್ತವ್ರ ಮೂಗಿಗೆ ಕನ್ನಡಿ ಹಿಡ್ದ್ರೆ ಊರಿನವ್ರ್ ಎಂತ ಹೇಳ್ತ್ರ್? ಮುಂಬೈಂದ ಮಗ ಬಂದಾಯ್ತ್, ಹೊತ್ತೂ ಆಯ್ತ್.” ಕಾಲ್ ಕಟ್ ಮಾಡಿ ಫೋನನ್ನು ತಮ್ಮ ಕಿಸೆಗೇ ಹಾಕಿಕೊಂಡರು.

ಮುಚ್ಚಳ ಆಮೇಲೆ ತೆಗೆದೇ ತೆಗೆದರು, ಮೀಯಿಸಲಿಕ್ಕೆ. ಎಲ್ಲರ ಹಾಗೆ ನಾನೂ ಬಾಯಿಗೆ ನೀರು ಬಿಟ್ಟೆ. ನೀರು ಒಳಗೆ ಹೋಗಲಿಲ್ಲ, ಕೆನ್ನೆಯ ಮೇಲೆ ಇಳಿದು ಕಿವಿಯ ಹತ್ತಿರ ನಿಂತಿತು. ಬೆರಳಿಗೆ ತಾಗಿದ ಗಲ್ಲ ಕಲ್ಲಿನ ಹಾಗಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ, ಅಲ್ಲಿ ಇದ್ದವರಿಗೆ. ಬಿಜೂರಿನ ಮಂಚದಲ್ಲಿದ್ದ ಒಬ್ಬರಿಗೆ ಮಾತ್ರ ಆ ಗಲ್ಲವನ್ನು ಮುಟ್ಟಲಿಕ್ಕಾಗಲಿಲ್ಲ. ಅವರ ಕಣ್ಣಲ್ಲಿ ಉಳಿದದ್ದು ಫೋನಿನೊಳಗೆ ಬಂದು ಹೋಗುವ ಮಬ್ಬು.

ಅಮ್ಮಮ್ಮ ಅತ್ತು ಕರೆದು ಮಾಡಲಿಲ್ಲ. ಬಿಸಿಲಿನ ತುಂಡು ಮಂಚದ ಕಾಲನ್ನು ಮುಟ್ಟುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ ಎಂದು ಅತ್ತೆ ಹೇಳಿದರು. ಮಾವ ಹತ್ತಿರ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಾರಂತೆ. ಸಮಾಧಾನ ಹೇಳಲು ಬಸ್ರೂರಿನಿಂದ ಸಂಬಂಧಿಕರೊಬ್ಬರು ಬಂದ ದಿನ ನಾನೂ ಅಲ್ಲಿದ್ದೆ. ಪಾಪ, ಅವರಿಗೆ ಗೊತ್ತಿದ್ದ ಮಾತು ಅದೊಂದೇ.

“ಎಂತ ಬೇಜಾರ್ ಮಾಡ್ಕಂತ್ರಿ? ಒಂದ್ ಚೂರೂ ಕಷ್ಟ ಪಡ್ಲಿಲ್ಲ ಅವ್ರ್. ನಾ ಕಂಡಿದೆ, ಮನಿಕಂಡಂಗೇ ಇದ್ದಿರ್.”

ಅಮ್ಮಮ್ಮ ಗೋಡೆಯಿಂದ ಈ ಕಡೆ ತಿರುಗಿದರು. “ನೀವೂ ಕಂಡ್ರಿಯಾ? ನಾ ಹೇಳಿದ್ದೂ ಅದೇ. ಮನಿಕಂಡವ್ಳನ್ನ ಸುಟ್ರ್.”

ಬಂದವರು ಟೀ ಪೂರ್ತಿ ಕುಡಿಯದೆ ಎದ್ದರು. ನಾನು ಕೂತಲ್ಲೇ ಕೂತೆ. ವರ್ಷಗಟ್ಟಲೆ ಮಕ್ಕಳ ಪ್ರಬಂಧಗಳಲ್ಲಿ ಹೊಡೆದುಹಾಕಿದ ಹೋಲಿಕೆ ಅದು. ಸವೆದು ಸವೆದು ಅದರೊಳಗೆ ಏನೂ ಉಳಿದಿಲ್ಲ, ಅದರ ಮೂಲಕ ಯಾರಿಗೂ ಏನೂ ಕಾಣುವುದಿಲ್ಲ ಎಂಬುದು ನನ್ನ ಪಾಠ. ಈಗ ಅದು ಸಾಕ್ಷಿ ಹೇಳಲು ಎದ್ದು ನಿಂತಿತ್ತು. ಸಮಾಧಾನಕ್ಕೆಂದು ಎಲ್ಲರೂ ಹೇಳುವ ಮಾತನ್ನು ನಂಬುವ ಒಬ್ಬರು ಎಲ್ಲೋ ಇರುತ್ತಾರೆ, ಅವರು ಅದನ್ನು ನಂಬಿದಾಗ ಏನಾಗುತ್ತದೆ ಎಂದು ನಮ್ಮ ಯಾವ ವಿಮರ್ಶೆಯೂ ನನಗೆ ಹೇಳಿರಲಿಲ್ಲ.

ಅವರು ಹೋದ ಮೇಲೆ ನಾನು ನನ್ನ ಗಟ್ಟಿ ವಾದ ಹೂಡಿದೆ. “ಅಮ್ಮಮ್ಮ, ನಾ ಒರ್ಸಿದ್ದ್ ಹೊರಗಿಂದ. ಸಣ್ಣಜ್ಜಿ ಉಸ್ರ್ ಆದ್ರೆ ಮಬ್ಬ್ ಗಾಜಿನ್ ಒಳಗೆ ಕೂರ್ಕ್. ಹೊರಗಿಂದ ಒರ್ಸಿದ್ರೆ ಹೋಪುಕಿಲ್ಲ. ಹೋಯ್ತಲ್ದಾ? ಅಂದ್ರೆ ಮಬ್ಬ್ ಇದ್ದದ್ದ್ ಹೊರಗೆ.”

ಇದಕ್ಕೆ ಎದುರು ಮಾತಿಲ್ಲ ಎಂದುಕೊಂಡಿದ್ದೆ. ಅಮ್ಮಮ್ಮ ಮಾಡಿನ ಗಾಜಿನ ಹಂಚು ನೋಡುತ್ತ ಕೇಳಿದರು.

“ನೀ ಒಳಗೆ ಒರ್ಸಿದ್ಯಾ, ಹೊರಗೆ ಒರ್ಸಿದ್ಯಾ, ಫೋನಂಗೆ ನಂಗೆ ಹ್ಯಾಂಗ್ ಕಾಂತ್ ಮಗಾ?”

ಸರಿಯೇ. ತೆರೆಯ ಮೇಲೆ ಗಾಜಿಗೆ ಬದಿಗಳೇ ಇಲ್ಲ. ಮುಖ, ಮಬ್ಬು, ನನ್ನ ವೇಲು, ನನ್ನ ಬಾಚದ ತಲೆ ಎಲ್ಲ ಒಂದೇ ಪದರದಲ್ಲಿ ಅಂಟಿಕೊಂಡಿರುತ್ತವೆ. ಪುಸ್ತಕದ ಪುಟವೂ ಹಾಗೇ ಅಲ್ಲವೇ? ಬರೆದವಳ ಉಸಿರು ಯಾವುದು, ಬರೆಸಿಕೊಂಡವರ ಉಸಿರು ಯಾವುದು ಎಂದು ಓದುವವರು ಹೇಗೆ ಬೇರೆ ಮಾಡಬೇಕು?

ಮಳೆಗಾಲ ಮುಗಿಯುವಾಗ ಅದೇ ಕನ್ನಡ ಮೇಷ್ಟ್ರು ಕುಂದಾಪುರದ ಕಾಲೇಜಿಗೆ ಮಾತಾಡಲು ಕರೆದರು. ವಿಷಯ ಅವರದ್ದೇ: ಸಾಹಿತ್ಯದಲ್ಲಿ ಗಾಜು. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಸಿದ್ಧಪಡಿಸಿಕೊಂಡ ಹಾಳೆಯಲ್ಲಿ ಕಿಟಕಿ, ಕನ್ನಡಿ, ಒಡೆದ ಚೂರು ಎಲ್ಲ ಇದ್ದವು. ಅರ್ಧ ಓದಿ ಹಾಳೆ ಮಡಚಿದೆ. ಗಾಜಿನಾಚೆ ಏನು ಕಾಣುತ್ತದೆ ಎಂದು ಎಲ್ಲರೂ ಕೇಳುತ್ತೀರಿ, ಗಾಜಿನ ಈಚೆ ಹವೆ ಹೇಗಿದೆ ಎಂದು ಯಾಕೆ ಕೇಳುವುದಿಲ್ಲ ಎಂದೆ. ನೋಡಲು ಬಗ್ಗಿದವರ ಬಿಸಿಯುಸಿರೇ ಮಬ್ಬಾಗಿ ಕೂರುತ್ತದೆ. ನಾವು ಅದನ್ನು ಒಳಗಿನದೆಂದು ಓದುತ್ತೇವೆ. ಆಮೇಲೆ ಒರೆಸುತ್ತೇವೆ, ಒರೆಸಿದಷ್ಟೂ ಅದು ಜೀವ ಬಂದಂತೆ ಆಡುತ್ತದೆ. ಯಾರ ಸಾವು, ಯಾವ ಪೆಟ್ಟಿಗೆ ಎಂದು ಹೇಳಲಿಲ್ಲ. ಹುಡುಗರು ಚಪ್ಪಾಳೆ ಹೊಡೆದರು. ಮೇಷ್ಟ್ರು ಕಾಫಿ ಕುಡಿಯುವಾಗ ಹತ್ತಿರ ಬಂದು, “ಲಾಯ್ಕ್ ಮಾತಾಡ್ದೆ ಮಾರಾಯ್ತಿ. ಆದ್ರೆ ಗಾಜಿನ ಪರ ಮಾತಾಡಿದ್ಯಾ, ವಿರೋಧ ಮಾತಾಡಿದ್ಯಾ, ಅದೊಂದ್ ಗೊತ್ತಾಯ್ಲಿಲ್ಲ,” ಎಂದರು.

ಅಲ್ಲಿಂದ ನೇರ ಬೈಂದೂರಿನ ಬಸ್ಸು ಹತ್ತಿದೆ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತು ಅದು ಯಾರಿಗಾಗಿ ಹುಟ್ಟಿತೋ ಅವರ ಮುಂದೆ ನಿಲ್ಲದಿದ್ದರೆ ಏನು ಉಪಯೋಗ? ಬಿಜೂರಿನಲ್ಲಿ ಬಸ್ಸು ಇಳಿದು ಅಂಗಡಿಯಲ್ಲಿ ಒಂದು ಗಾಜಿನ ಬಾಟಲಿ ಸೋಡ ಕೊಂಡೆ, ಫ್ರಿಜ್ಜಿನ ಒಳಗಿನದೇ ಬೇಕೆಂದು ಕೇಳಿ. ವೇಲಿನಲ್ಲಿ ಸುತ್ತಿ ಮನೆಗೆ ತಂದು, ಅಮ್ಮಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ, ಗಾಜಿನ ಹಂಚಿನ ಬೆಳಕು ಬೀಳುವಲ್ಲಿ ಇಟ್ಟೆ. ಬಾಟಲಿಯನ್ನು ಚೆನ್ನಾಗಿ ಒರೆಸಿದೆ.

“ಈಗ ಕಾಣಿ ಅಮ್ಮಮ್ಮ.”

ಮಬ್ಬು ಬಂತು. ಮೊದಲು ಬುಡದಲ್ಲಿ, ಆಮೇಲೆ ಮೇಲಕ್ಕೆ.

“ಇದ್ರೊಳಗೆ ಯಾರೂ ಇಲ್ಲ. ಉಸ್ರ್ ಬಿಡುಕೆ ಯಾರೂ ಇಲ್ಲ. ಆದ್ರೂ ಬಂತ್. ಮುಟ್ಟಿ ಕಾಣಿ, ಹೊರಗೇ ಇತ್ತ್.”

ಅಮ್ಮಮ್ಮ ಹೆಬ್ಬೆರಳಿನಿಂದ ಒಂದು ಕಡೆ ಒರೆಸಿದರು. ಬೆರಳಿನ ಒದ್ದೆ ನೋಡಿದರು. ಕಾದರು. ಒರೆಸಿದಲ್ಲಿ ಮತ್ತೆ ಕವಿಯಿತು. ಮತ್ತೆ ಒರೆಸಿದರು. ಅವರಿಗೆ ಅವಸರವಿರಲಿಲ್ಲ. ಬಾಗಿಲಲ್ಲಿ ಬಂದು ನಿಂತ ಅತ್ತೆ, “ಎಂತ ಅದ್, ಸೋಡಕ್ಕೆ ಪೂಜಿಯಾ?” ಎಂದು ನಕ್ಕು, ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದರು.

“ಹಂಗಾರೆ ಇದ್ ಎಲ್ಲಿಂದ ಬಂದದ್ದ್?”

“ಗಾಳಿಯಿಂದ. ಗಾಳಿಯಂಗೆ ನೀರಿನ್ ಪಸಿ ಇತ್ತಲ್ದಾ. ನಾವ್ ಬಿಡು ಉಸ್ರೂ ಅದ್ರಂಗೇ ಇತ್ತ್.”

“ಅಂದ್ರೆ ಅವತ್ತ್ ಆ ಗಾಜಿಗೆ ಹತ್ತಿದ್ದ್ ಅಲ್ ನಿಂತವ್ರ ಉಸ್ರ್.”

“ಹೌದ್. ನಂದೂ ಇತ್ತ್.”

“ನಿನ್ ಮಾವಂದ್ ಇತ್ತ್. ನಿನ್ ಅಬ್ಬಿದ್ ಇತ್ತ್. ಮುಂಬೈಂದ ಬಂದವ್ನದ್ದೂ ಇತ್ತ್.”

“ಎಲ್ಲರದ್ದೂ ಇತ್ತ್.”

“ನಂದೊಂದ್ ಇರ್ಲಿಲ್ಲ,” ಎಂದರು ಅಮ್ಮಮ್ಮ.

ವಾದ ನಾನೇ ಗೆದ್ದಿದ್ದೆ. ಜೀವ ಇರುವಾಗಲೇ ಸುಟ್ಟರೆಂಬ ಮಾತನ್ನು ಅವರು ಆಮೇಲೆ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಆದರೆ ಅಷ್ಟು ದಿನ ಅವರ ಹತ್ತಿರ ಒಂದು ಸಿಟ್ಟಾದರೂ ಇತ್ತು, ಸಿಟ್ಟಿನ ತಳದಲ್ಲಿ ಉಸಿರಾಡುವ ತಂಗಿ ಇದ್ದಳು. ನಾನು ಸೋಡ ಬಾಟಲಿ ತಂದು ಅದನ್ನೂ ಒರೆಸಿದ್ದೆ. ತಿಳಿಯಾದ ಗಾಜಿನಾಚೆ ಅವರಿಗೆ ಈಗ ಕಂಡದ್ದೇನು? ತನ್ನನ್ನು ಬಿಟ್ಟು ಎಲ್ಲರೂ ತುಂಬಿದ್ದ ಒಂದು ಚಾವಡಿ.

ಬಿಸಿಲಿನ ತುಂಡು ಸ್ಟೂಲಿನಿಂದ ಇಳಿದು ಮಂಚದ ಕಾಲಿನತ್ತ ಸರಿದಿತ್ತು. ಅಮ್ಮಮ್ಮ ಅದನ್ನು ನೋಡಿದರು, ಗೋಡೆಯ ಕಡೆ ತಿರುಗಲಿಲ್ಲ. ಕೈ ಚಾಚಿ ಬಾಟಲಿಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಸುತ್ತಲೂ ಒರೆಸಿ, ಬಾಯಿ ತೆರೆದು ಗಾಜಿನ ಮೇಲೆ ನಿಧಾನವಾಗಿ ಉಸಿರು ಬಿಟ್ಟರು. ಗಾಜು ಬೆಳ್ಳಗಾಯಿತು.

“ಸೋಡ ಬೆಚ್ಚಗಾತ್ ಅಮ್ಮಮ್ಮ,” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಆಯ್ಲಿ, ನಿಲ್ಲ್,” ಎಂದರು. ಇನ್ನೊಂದು ಸಲ ಉಸಿರು ಬಿಟ್ಟು, ಕಣ್ಣು ಕಿರಿದು ಮಾಡಿ ಅದನ್ನೇ ನೋಡುತ್ತ ಕೂತರು. ವೇಲು ನನ್ನ ಕೈಯಲ್ಲೇ ಇತ್ತು. ನಾನು ಒರೆಸಲು ಹೋಗಲಿಲ್ಲ.